ನನ್ನ ತಪ್ಪನ್ನು ಹ್ಯಾಂಡೋವರ್‌ನಲ್ಲಿ ಹೇಳಿದ ದಿನ

ವಾರ್ಡ್ ಇನ್‌ಚಾರ್ಜ್ ಆಗಿ ಎರಡನೇ ತಿಂಗಳು. ಅವತ್ತು ಇಬ್ಬರು ರಜೆಯಲ್ಲಿದ್ದರು, ಹಾಗಾಗಿ ಇನ್ಸುಲಿನ್ ಕೊಡುವ ಕೆಲಸಕ್ಕೆ ನಾನೇ ನಿಂತೆ. ವಯಲ್ ಒಂದು ಎಂಎಲ್‌ಗೆ 100 ಯೂನಿಟ್‌ನದು. ಕೈಗೆ ಸಿಕ್ಕಿದ ಸಿರಿಂಜಿನ ಗೆರೆಗಳು ಒಂದು ಎಂಎಲ್‌ಗೆ 40 ಯೂನಿಟ್‌ನ ಲೆಕ್ಕದವು. ನೋಡಲಿಲ್ಲ. 8ರ ಗೆರೆಯವರೆಗೆ ಎಳೆದು ಕೊಟ್ಟುಬಿಟ್ಟೆ. ಆ ಗೆರೆಗೆ 0.2 ಎಂಎಲ್ ಬರುತ್ತದೆ. ಅಂದರೆ 8 ಹೋಗಬೇಕಾದ ಕಡೆ 20 ಯೂನಿಟ್ ಹೋಗಿತ್ತು.

ಗೊತ್ತಾಗಿದ್ದು ಟ್ರೇಯಲ್ಲಿ ಬಿದ್ದಿದ್ದ ಕೆಂಪು ಮುಚ್ಚಳ ನೋಡಿದಾಗ. 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ ಇರುತ್ತದೆ. ಯಾರೂ ನೋಡಿರಲಿಲ್ಲ. ರೋಗಿ ಆರಾಮಾಗಿ ಮಾತಾಡುತ್ತಿದ್ದರು. ಸುಮ್ನೆ ಊಟ ಬೇಗ ತರಿಸಿ, ಆಗಾಗ ಶುಗರ್ ನೋಡಿಕೊಂಡರೆ ಸಾಕಲ್ವಾ ಅಂತ ಮನಸ್ಸು ಹೇಳಿತು. ಎರಡು ನಿಮಿಷ ಅಲ್ಲೇ ನಿಂತಿದ್ದೆ. ಆ ಎರಡು ನಿಮಿಷದ ಬಗ್ಗೆ ನನಗೆ ಈಗಲೂ ನಾಚಿಕೆಯಿದೆ.

ಆಮೇಲೆ ಡಾಕ್ಟರಿಗೆ ಹೇಳಿದೆ. ಶುಗರ್ 58ಕ್ಕೆ ಇಳಿಯಿತು. ಎಚ್ಚರವಿದ್ದರು, ನುಂಗಬಲ್ಲವರಾಗಿದ್ದರು, ಹಾಗಾಗಿ 15 ಗ್ರಾಂ ಗ್ಲೂಕೋಸ್ ಕುಡಿಸಿ 15 ನಿಮಿಷಕ್ಕೆ ಮತ್ತೆ ನೋಡಿದೆವು. ರಕ್ತನಾಳಕ್ಕೆ ಕೊಡುವ ಸಕ್ಕರೆ ದ್ರಾವಣ ಡೆಕ್ಸ್ಟ್ರೋಸ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆವು, ಬೇಕಾಗಲಿಲ್ಲ. ಇನ್ಸುಲಿನ್ ಕೆಲಸ ಗಂಟೆಗಟ್ಟಲೆ ನಡೆಯುವುದರಿಂದ ಸಂಜೆವರೆಗೂ ಅವರನ್ನು ಬಿಟ್ಟು ಹೋಗಲಿಲ್ಲ. ರೋಗಿಗೂ ನಾನೇ ಹೇಳಿದೆ. ಅವರೇನು ಕ್ಷಮಿಸಲಿಲ್ಲ. "ಇನ್ನು ಮುಂದೆ ನೀವು ನನಗೆ ಸೂಜಿ ಹಾಕಬೇಡಿ" ಅಂದರು. ಹಾಕಲಿಲ್ಲ.

ಸಂಜೆ ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ಎಲ್ಲರೆದುರು ಹೇಳಿದೆ: "ಬೇರೆ ಯಾರೂ ಅಲ್ಲ, ನಾನೇ ತಪ್ಪು ಮಾಡಿದೆ. ರಿಪೋರ್ಟ್ ಬರೆದಿದ್ದೇನೆ." ಯಾರೂ ಮಾತಾಡಲಿಲ್ಲ. ಎಲ್ಲರೂ ಹೋದ ಮೇಲೆ ಕಿರಿಯ ನರ್ಸ್ ಒಬ್ಬಳು ಹಿಂದೆ ಉಳಿದಳು. ಹೋದ ವಾರ ಅವಳೂ ಅದೇ ಸಿರಿಂಜಿನಲ್ಲಿ ಎಳೆದಿದ್ದಳಂತೆ. ಚುಚ್ಚುವ ಮುಂಚೆ ಕಂಡಿದ್ದರಿಂದ ಎಸೆದುಬಿಟ್ಟಿದ್ದಳು.

"ಹೇಳಲಿಲ್ಲ ಯಾಕೆ?"

"ನೀವು ಬೈತೀರಿ ಅಂತ, ಸಿಸ್ಟರ್."

ಎರಡು ತಿಂಗಳಿಂದ ದಿನಾ "ಏನನ್ನೂ ಮುಚ್ಚಿಡಬೇಡಿ" ಅಂತ ಪಾಠ ಹೇಳುತ್ತಿದ್ದವಳು ನಾನು! ಅವಳು ಅವತ್ತೇ ಹೇಳಿದ್ದರೆ ನನ್ನ ರೋಗಿಗೆ ಹೀಗಾಗುತ್ತಿರಲಿಲ್ಲ. ಹೇಳದಂತೆ ಮಾಡಿದ್ದು ನನ್ನ ಬಾಯಿಯೇ. ನೇರ ಮಾತು ಅನ್ನೋ ಹೆಸರಲ್ಲಿ ಹಿಂದೊಮ್ಮೆ ಅವಳನ್ನು ರೋಗಿಯ ಮನೆಯವರ ಮುಂದೆಯೇ ಗದರಿಸಿದ್ದೆ. ಅದನ್ನು ಪ್ರಾಮಾಣಿಕತೆ ಅಂದುಕೊಂಡಿದ್ದೆ. ಅದು ಬರೀ ಸಿಟ್ಟು. ಮರುದಿನ ಅವಳಲ್ಲಿ ಕ್ಷಮೆ ಕೇಳಿದೆ, ಅದನ್ನೂ ಎಲ್ಲರೆದುರೇ.

ಸಿರಿಂಜಿನ ಸಮಸ್ಯೆ ಬಗೆಹರಿಸುವುದು ಸುಲಭವಿತ್ತು. ವಾರ್ಡಿನಲ್ಲಿ ಒಂದೇ ಬಗೆಯ ವಯಲ್, ಅದಕ್ಕೆ ಹೊಂದುವ ಸಿರಿಂಜು ಮಾತ್ರ ಇಟ್ಟೆವು. ಇನ್ಸುಲಿನ್ ಎಳೆದ ಮೇಲೆ ಇನ್ನೊಬ್ಬರು ನೋಡಲೇಬೇಕು ಅಂತ ಮಾಡಿಕೊಂಡೆವು. ನಾನು ಎಳೆದಿದ್ದನ್ನು ಕಿರಿಯರೇ ನೋಡುತ್ತಾರೆ.

ಆದರೆ ರಿಪೋರ್ಟ್‌ಗಳು ಜಾಸ್ತಿಯಾದವು. ತಪ್ಪಿ ಹೋದ ಡೋಸ್, ಕೊನೇ ಗಳಿಗೆಯಲ್ಲಿ ಸಿಕ್ಕಿಬಿದ್ದ ತಪ್ಪು ಹೆಸರು, ಎಲ್ಲಾ ಬರತೊಡಗಿತು. ನಿಮ್ಮ ವಾರ್ಡಲ್ಲೇ ಯಾಕೆ ಇಷ್ಟು ತಪ್ಪು ಅಂತ ಮೇಲಿನವರು ಕರೆಸಿ ಕೇಳಿದರು. ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆ ತಂಡಗಳ ಮೇಲೆ ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆ ಹೇಳಿದೆ. ಒಳ್ಳೆಯ ತಂಡಗಳಲ್ಲಿ ಔಷಧದ ತಪ್ಪು ಕಡಿಮೆ ಇರಬಹುದು ಅಂತ ಆಕೆ ಹುಡುಕಲು ಹೊರಟರೆ, ಅಲ್ಲೇ ಜಾಸ್ತಿ ಕಂಡವು. ಅಲ್ಲಿಯವರು ಹೆದರದೆ ಹೇಳಿಕೊಳ್ಳುತ್ತಿದ್ದರು ಅನ್ನುವುದು ಆಕೆ ಕಂಡುಕೊಂಡ ವಿವರಣೆ. ಮೇಲಿನವರು ಅರ್ಧ ಒಪ್ಪಿದರು. ಆ ವರ್ಷ ನಮ್ಮ ವಾರ್ಡಿಗೆ ಒಳ್ಳೆಯ ಹೆಸರೇನೂ ಬರಲಿಲ್ಲ.

"ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನುವುದು ಈಗ ಸಲೀಸಾಗಿ ಬರುತ್ತದೆ. ಹೊಸ ಇನ್ಫ್ಯೂಷನ್ ಪಂಪ್ ಬಂದಾಗ ಕಿರಿಯರಿಂದಲೇ ಕಲಿತೆ. ಸುಳ್ಳು ಇನ್ನೂ ಉಳಿದಿರುವುದು ಡ್ಯೂಟಿ ಪಟ್ಟಿಯಲ್ಲಿ. ಯಾರಾದರೂ ರಜೆ ಕೇಳಿದರೆ, ಕೊಡಲು ಆಗುವುದಿಲ್ಲ ಅಂತ ಗೊತ್ತಿದ್ದೂ "ನೋಡೋಣ" ಅಂದುಬಿಡುತ್ತೇನೆ. ಹೋದ ವಾರವೂ ಒಬ್ಬಳಿಗೆ ಹಾಗೇ ಅಂದೆ. ಅವಳು ನಕ್ಕು, "ಆಗಲ್ಲ ಅಂತ ಹೇಳಿ ಸಿಸ್ಟರ್, ಬೇರೆಯವರ ಜೊತೆ ಡ್ಯೂಟಿ ಬದಲಾಯಿಸ್ಕೋತೀನಿ" ಅಂದಳು.