ಎಂಟಕ್ಕೊಂದು ಪಂಕ್ತಿ, ಹನ್ನೊಂದಕ್ಕೊಂದು ತಾಟು

ನಮ್ಮ ಮನೆಯಲ್ಲಿ ರಾತ್ರಿ ಅಡುಗೆ ಒಂದು ಸಲ, ಊಟ ಎರಡು ಸಲ. ಮಕ್ಕಳು, ಅತ್ತೆಯವರು, ನಾನು ಎಂಟಕ್ಕೆ ಉಣ್ಣುತ್ತೇವೆ. ನಮ್ಮ ಮನೆಯವರಿಗೆ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಪಾಳಿ ಕೆಲಸ. ಎರಡನೇ ಪಾಳಿ ಬಂದ ವಾರ ಅವರು ರಾಯಚೂರು ಸೇರಿ, ಕೈಕಾಲು ತೊಳೆದು ತಾಟಿನ ಮುಂದೆ ಕೂರುವ ಹೊತ್ತಿಗೆ ಹನ್ನೊಂದಾಗಿರುತ್ತದೆ. ಹಗಲೆಲ್ಲ ಕಚೇರಿಯಲ್ಲಿ ಕೂತು ಬಂದ ನನಗೆ ಆಗ ಮತ್ತೊಮ್ಮೆ ಒಲೆ ಹಚ್ಚುವ ಶಕ್ತಿ ಇರುವುದಿಲ್ಲ. ಸುಳ್ಳೇಕೆ, ಮನಸ್ಸೂ ಇರುವುದಿಲ್ಲ.

ಹಾಗಾಗಿ ರಾತ್ರಿಗೆ ಏನು ಅಂತ ಯೋಚಿಸುವಾಗ ನಾನು ಮೊದಲು ನೋಡುವುದು, ಮೂರು ತಾಸು ಕೂತರೆ ಈ ಪದಾರ್ಥ ಏನಾಗುತ್ತೆ ಅಂತ. ಬೆಂಡೆಕಾಯಿ ಪಲ್ಯ ಎಂಟಕ್ಕೆ ಗರಿಗರಿ, ಹನ್ನೊಂದಕ್ಕೆ ಮೆತ್ತಗೆ. ಹಿಟ್ಟಿನ ಪಲ್ಯ ಹದಿನೈದು ನಿಮಿಷದಲ್ಲಿ ಆಗುತ್ತೆ, ಆದರೆ ಕೂತಷ್ಟೂ ಗಟ್ಟಿಯಾಗಿ ಕೊನೆಗೆ ಚಾಕು ಹಾಕಿ ಕೊಯ್ಯಬೇಕು. ಇವೆರಡೂ ಅವರ ರಜೆಯ ದಿನಕ್ಕೆ. ಪಾಳಿ ವಾರಕ್ಕೆ ಬೇಕಾದದ್ದು ಕೂತಷ್ಟೂ ರುಚಿ ಏರುವ ಅಡುಗೆ. ಅಂಥದ್ದರಲ್ಲಿ ನಮ್ಮ ಕಡೆ ಪುಂಡಿ ಪಲ್ಯಕ್ಕೆ ಸಾಟಿ ಇಲ್ಲ.

ಉಸ್ಮಾನಿಯಾ ಮಾರುಕಟ್ಟೆಯಿಂದ ಸಂಜೆ ಬರುವಾಗ ಎರಡು ಕಟ್ಟು ಪುಂಡಿ ತಂದುಬಿಟ್ಟರೆ ಅವತ್ತಿನ ಚಿಂತೆ ಮುಗಿಯಿತು. ದಂಟು ಬಿಟ್ಟು ಎಲೆ ಮಾತ್ರ ಬಿಡಿಸಿಕೊಳ್ಳಬೇಕು. ಬಿಡಿಸುವ ಕೆಲಸ ಅತ್ತೆಯವರದು, ಟಿವಿ ಮುಂದೆ ಕೂತೇ ಮುಗಿಸುತ್ತಾರೆ. ಮೂರು ನೀರಿನಲ್ಲಿ ತೊಳೆಯಬೇಕು, ಮಣ್ಣು ಜಾಸ್ತಿ. ಬೇಳೆ ಮತ್ತು ಸೊಪ್ಪನ್ನು ಒಟ್ಟಿಗೆ ಕುಕ್ಕರಿಗೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಪುಂಡಿ ಹುಳಿ ಸೊಪ್ಪು, ಹುಳಿ ಇದ್ದಲ್ಲಿ ಬೇಳೆ ಬೇಗ ಬೇಯುವುದಿಲ್ಲ. ಅದರ ಮೇಲೆ ನೀರು ಬೋರಿನದಾದರೆ ಮುಗಿದೇ ಹೋಯಿತು, ಐದು ಕೂಗು ಕೂಗಿಸಿದರೂ ಬೇಳೆ ಬೇಳೆಯಾಗಿಯೇ ಇರುತ್ತದೆ. ಅದಕ್ಕೆ ಕಾಲು ಲೋಟ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಇಷ್ಟನ್ನೇ ಮೊದಲು ಮೂರು ಕೂಗು ಕೂಗಿಸುತ್ತೇನೆ. ಕುಡಿಯುವ ನೀರನ್ನೇ ಹಾಕುತ್ತೇನೆ. ಅಷ್ಟರಲ್ಲಿ ಪಕ್ಕದ ಒಲೆಯ ಮೇಲೆ ಸೊಪ್ಪು, ಆರೇಳು ಹಸಿಮೆಣಸಿನಕಾಯಿ ಕುದಿಯುತ್ತಿರುತ್ತವೆ. ಎಲೆಯ ಹಸಿರು ಹೋಗಿ ಕಂದು ಬಣ್ಣಕ್ಕೆ ತಿರುಗಿದರೆ ಬೆಂದಿದೆ ಅಂತ ಲೆಕ್ಕ. ಬೇಸಿಗೆಯ ಪುಂಡಿ ಹುಳಿ ಅತಿಯಾದರೆ ಆ ನೀರು ಅರ್ಧ ಚೆಲ್ಲಬಹುದು.

ಆಮೇಲೆ ಎರಡನ್ನೂ ಸೇರಿಸಿ ಕಡಗೋಲಿನಿಂದ ಕಡೆಯಬೇಕು. ಮಿಕ್ಸಿಗೆ ಹಾಕಬೇಡಿ, ಅಂಟಂಟಾಗುತ್ತದೆ. ಬೇಳೆ ಪೂರ್ತಿ ಕರಗಿರಬೇಕು, ನುಚ್ಚು ಮಾತ್ರ ನಾಲಿಗೆಗೆ ಅಲ್ಲಲ್ಲಿ ಸಿಗಬೇಕು. ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರೆ ನುಚ್ಚು ಹುಳಿಯನ್ನೆಲ್ಲ ಹೀರಿ ಪಲ್ಯ ಗಟ್ಟಿಯಾಗುತ್ತದೆ. ಒಗ್ಗರಣೆಗೆ ಕೈ ಹಿಡಿಯಬಾರದು. ಎಣ್ಣೆ ಧಾರಾಳ, ಜಜ್ಜಿದ ಬೆಳ್ಳುಳ್ಳಿ ಒಂದು ಗಡ್ಡೆ ಪೂರ್ತಿ, ಅದು ಕೆಂಪಾಗುವವರೆಗೂ ಕಾಯಬೇಕು. ಎಂಟಕ್ಕೆ ತಿಂದರೆ ಹುಳಿ, ಖಾರ, ಬೆಳ್ಳುಳ್ಳಿ ಬೇರೆ ಬೇರೆ ಗೊತ್ತಾಗುತ್ತವೆ. ಹನ್ನೊಂದಕ್ಕೆ ಎಲ್ಲ ಕೂಡಿ ಒಂದಾಗಿರುತ್ತದೆ. ತಡವಾಗಿ ಉಣ್ಣುವವರಿಗೇ ಲಾಭ. ಮರುದಿನ ಬೆಳಿಗ್ಗೆ ಉಳಿದದ್ದಕ್ಕೆ ನನ್ನ ಮಗಳು, ಅವಳ ಅಜ್ಜಿ ಇಬ್ಬರೂ ಹಕ್ಕು ಹೂಡುತ್ತಾರೆ.

ರೊಟ್ಟಿ ಬಿಸಿ ಇರಬೇಕಲ್ವಾ ಅಂತ ಕೇಳುತ್ತೀರಿ. ಬಿಸಿ ರೊಟ್ಟಿಯ ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ಚೆನ್ನಾಗಿ ನಾದಿದ ಜೋಳದ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೂರು ತಾಸಿಗೆ ಏನೂ ಆಗುವುದಿಲ್ಲ. ಗುಟ್ಟು ಇರುವುದು ಎಸರಿನಲ್ಲಿ. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ತಣ್ಣೀರಿನಲ್ಲಿ ಕಲಸಿದರೆ ಹಿಟ್ಟು ಹಿಡಿದುಕೊಳ್ಳುವುದಿಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಕುದಿಯುವ ಎಸರು ಬಿದ್ದಾಗ ಹಿಟ್ಟು ಸ್ವಲ್ಪ ಬೆಂದು ಜಿಗಿ ಬರುತ್ತದೆ. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ಎಸರು ಹಾಕಿ, ಸೌಟಿನ ಹಿಡಿಯಿಂದ ತಿರುವಿ, ಮುಚ್ಚಿ ಐದು ನಿಮಿಷ ಬಿಡುತ್ತೇನೆ. ಆಮೇಲೆ ಕೈ ಒದ್ದೆ ಮಾಡಿಕೊಂಡು, ಸುಡುಸುಡು ಇರುವಾಗಲೇ, ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು ನಾದುತ್ತೇನೆ. ಇಡೀ ಹಿಟ್ಟನ್ನು ಒಮ್ಮೆಲೇ ನಾದಿಟ್ಟರೆ ಕೊನೆಯ ರೊಟ್ಟಿ ಹೊತ್ತಿಗೆ ಬಿರುಸಾಗಿರುತ್ತದೆ. ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಬೇಕು. ನೀರು ಆರುವ ಮೊದಲು ತಿರುವಿದರೆ ಹಂಚಿಗೆ ಹತ್ತುತ್ತದೆ, ಪೂರ್ತಿ ಒಣಗಿದ ಮೇಲೆ ತಿರುವಿದರೆ ಉಬ್ಬುವುದಿಲ್ಲ. ಆ ಒಂದು ಗಳಿಗೆ ಕಣ್ಣಿಗೆ ರೂಢಿಯಾಗಬೇಕು, ಅಷ್ಟೇ.

ಜೋಳ ಹಿಂಗಾರಿಯ ಬಿಳಿ ಜೋಳವೇ ಆಗಬೇಕು, ಮಾಲ್ದಂಡಿ ಸಿಕ್ಕರೆ ಇನ್ನೂ ಒಳ್ಳೆಯದು. ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗುತ್ತೆ, ಕಹಿಯೂ ಆಗುತ್ತೆ. ಅದಕ್ಕೆ ಒಂದೇ ಸಲ ಹತ್ತು ಕಿಲೋ ಹಾಕಿಸುವುದಿಲ್ಲ. ವಾರಕ್ಕೆ ಸಾಲುವಷ್ಟು ಮಾತ್ರ ಗಿರಣಿಗೆ ಒಯ್ಯುತ್ತೇನೆ.

ವಾರ ವಾರ ಗಿರಣಿಗೆ ಹೋಗುವುದರಲ್ಲಿ ಇನ್ನೊಂದು ಲಾಭವಿದೆ. ಡಬ್ಬಿ ಸಾಲಿಗಿಟ್ಟು ಹೊರಗೆ ಕಟ್ಟೆಯ ಮೇಲೆ ಕೂತರೆ ಅರ್ಧ ತಾಸು ಮಾತು. ಮಾತು ಎಲ್ಲಿಂದ ಶುರುವಾದರೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ.

“ಏನ್ರೀ ಅಕ್ಕಾರ, ರಾತ್ರಿಗೆ ಏನ್ ನಡಸೀರಿ?”

“ಏನಿಲ್ಲವಾ, ಬ್ಯಾಳಿ ಕುದಿಯಾಕ ಇಟ್ಟು ಬಂದೀನಿ. ಕಟ್ಟು ಬಸಿದು ಸಾರು, ಬ್ಯಾಳಿದು ಪಲ್ಯ. ರೊಟ್ಟಿಗೂ ಆತು, ಅನ್ನಕ್ಕೂ ಆತು.”

ಈ ಎರಡು ಸಾಲಿನಲ್ಲಿ ನನ್ನ ಪಾಳಿ ವಾರದ ಅರ್ಧ ಅಡುಗೆ ಮುಗಿಯುತ್ತದೆ. ಕಟ್ಟಿನ ಸಾರು, ಉದುರು ಬೇಳೆ ಪಲ್ಯ ಹೊಸದೇನಲ್ಲ, ನಮ್ಮವ್ವನೂ ಮಾಡುತ್ತಿದ್ದಳು. ಆದರೆ ಯಾವ ದಿನ ಅದು ನೆನಪಾಗಬೇಕೋ ಆ ದಿನ ನೆನಪಾಗುವುದಿಲ್ಲ. ಬೇರೆಯವರ ಬಾಯಿಂದ ಕೇಳಿದಾಗಲೇ “ಅರೆ, ಇದನ್ನ ಮಾಡಿ ಎಷ್ಟು ದಿನ ಆತು” ಅನ್ನಿಸುತ್ತದೆ. ನನಗೆ ರೆಸಿಪಿಗಿಂತ ಈ ನೆನಪಿಸುವಿಕೆಯೇ ಜಾಸ್ತಿ ಉಪಯೋಗಕ್ಕೆ ಬಂದಿದೆ.

ಈ ಅಡುಗೆಗೆ ಕುಕ್ಕರ್ ಬೇಡ. ಒಂದು ತಾಸು ನೆನೆಸಿದ ತೊಗರಿಬೇಳೆಯನ್ನು ಅಗಲ ಪಾತ್ರೆಯಲ್ಲಿ, ಜಾಸ್ತಿ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ಬೇಯಿಸಬೇಕು. ಎಣ್ಣೆ ಹಾಕಿದರೆ ನೊರೆ ಉಕ್ಕುವುದು ಕಡಿಮೆ. ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದರೆ ಒಡೆಯಬೇಕು, ಸವರಿಕೊಳ್ಳಬಾರದು. ಅಷ್ಟಕ್ಕೇ ಇಳಿಸಿ ಬಸಿಯುವುದು. ಬೇಳೆಗೆ ಉಳ್ಳಾಗಡ್ಡಿ, ಕರಿಬೇವು, ಕೆಂಪು ಖಾರದ ಒಗ್ಗರಣೆ ಕೊಟ್ಟರೆ ರೊಟ್ಟಿಗೆ ಪಲ್ಯ ತಯಾರು. ಬಸಿದ ನೀರೇ ಕಟ್ಟು, ಅದಕ್ಕೆ ಒಂದು ಹಿಡಿ ಬೇಳೆ, ಸುಟ್ಟ ಉಳ್ಳಾಗಡ್ಡಿ, ಒಣಕೊಬ್ಬರಿ, ಕೊತ್ತಂಬರಿ ಕಾಳು, ಜೀರಿಗೆ ರುಬ್ಬಿ ಹಾಕಿ, ಹುಣಸೆರಸ, ಚೂರು ಬೆಲ್ಲ ಸೇರಿಸಿ ಕುದಿಸಿದರೆ ಸಾರು. ಹನ್ನೊಂದಕ್ಕೆ ಬಂದವರು ಸಾರನ್ನು ಒಂದು ಕುದಿ ಬಿಸಿ ಮಾಡಿಕೊಂಡರೆ ಸಾಕು. ಆ ಕೆಲಸ ಅವರೇ ಮಾಡಿಕೊಳ್ಳುತ್ತಾರೆ, ಅದನ್ನೂ ಹೇಳಿಬಿಡಬೇಕು.

ನಮ್ಮ ಎದುರು ಮನೆಯ ಆಪಾ ಹೇಳಿಕೊಟ್ಟದ್ದು ಖಿಚಡಿ-ಖಟ್ಟಾ. ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಆ ನಂಟು ಇವತ್ತಿಗೂ ಊರಿನ ಅಡುಗೆಮನೆಗಳಲ್ಲಿ ಕಾಣುತ್ತದೆ. ಅಕ್ಕಿ, ಮಸೂರ ಬೇಳೆ, ಅರಿಶಿನ, ಉಳ್ಳಾಗಡ್ಡಿ ಹಾಕಿ ಮಾಡುವ ಹಳದಿ ಖಿಚಡಿ ಇದು. ಮಸೂರ ನೆನೆಸುವ ಕೆಲಸವೇ ಇಲ್ಲ, ಅಕ್ಕಿ ಜೊತೆಗೇ ಬೇಯುತ್ತದೆ. ಖಟ್ಟಾ ಅಂದರೆ ಹುರಿದ ಎಳ್ಳು, ಶೇಂಗಾ ಪುಡಿ ಮಾಡಿ ಹುಣಸೆನೀರಿನಲ್ಲಿ ಕದಡಿದ್ದು. ಮೇಲೆ ಹಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಒಂದು ಚಮಚ ಒಗ್ಗರಣೆ. ಖಟ್ಟಾವನ್ನು ಕುದಿಸುವುದೇ ಇಲ್ಲ. ಹಾಗಾಗಿ ಬಿಸಿ ಮಾಡುವ ಪ್ರಶ್ನೆಯೂ ಇಲ್ಲ, ಖಿಚಡಿ ಉಗುರುಬೆಚ್ಚಗಿದ್ದರೂ ಒಳಗೆ ಹೋಗುತ್ತದೆ. ಆಪಾ ನನ್ನಿಂದ ಕಲಿತದ್ದು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. ಮಿಕ್ಸಿಯನ್ನು ಒಂದೇ ಸಮನೆ ಓಡಿಸಿದರೆ ಶೇಂಗಾ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ತಡೆದು ತಡೆದು ತಿರುಗಿಸಬೇಕು ಅಂತ ಹೇಳಿದ್ದೆ. ಈಗ ಅವರ ಹಿಂಡಿ ನನ್ನದಕ್ಕಿಂತ ಚೆನ್ನಾಗಿರುತ್ತದೆ. ಬೆಳ್ಳುಳ್ಳಿ ಎಷ್ಟು ಹಾಕುತ್ತಾರೋ, ಕೇಳಿದರೆ ನಗುತ್ತಾರೆ.

ಅನ್ನದ ವಿಷಯ ಜಾಸ್ತಿ ಹೇಳುವುದಿಲ್ಲ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆದ ಸೋನಾ ಮಸೂರಿ ನಮ್ಮಲ್ಲಿ ಮನೆಮನೆಗೆ ಬರುತ್ತದೆ. ಹೊಸ ಅಕ್ಕಿಗೆ ನೀರು ಕಡಿಮೆ, ಹಳೆ ಅಕ್ಕಿಗೆ ಜಾಸ್ತಿ. ಇಷ್ಟು ತಿಳಿದಿದ್ದರೆ ಆಯಿತು. ಅತ್ತೆಯವರ ತವರಿನಲ್ಲಿ ಅವರು ಸಣ್ಣವರಿದ್ದಾಗ ಅನ್ನ ಹಬ್ಬಕ್ಕೆ ಮಾತ್ರವಂತೆ. ಈಗ ನನ್ನ ಮಗ ರೊಟ್ಟಿ ನೋಡಿದರೆ ಮುಖ ತಿರುವಿ ಅನ್ನವೇ ಬೇಕು ಅನ್ನುತ್ತಾನೆ. ಅವನಿಗೆ ರೊಟ್ಟಿ ಮುರಿದು, ಮೇಲೆ ಬಿಸಿ ಸಾರು ಸುರಿದು, ಚಮಚ ತುಪ್ಪ ಹಾಕಿ ಹಿಚುಕಿ ಕೊಟ್ಟರೆ ಮಾತಿಲ್ಲದೆ ತಿನ್ನುತ್ತಾನೆ. ಅದು ರೊಟ್ಟಿ ಅಂತ ಅವನಿಗೂ ಗೊತ್ತು.

ಏಪ್ರಿಲ್, ಮೇ ಬಂದರೆ ಈ ಲೆಕ್ಕವೆಲ್ಲ ಬದಲು. ನಲವತ್ತು ಡಿಗ್ರಿ ದಾಟಿದ ದಿನ ಸಂಜೆ ಒಲೆಯ ಮುಂದೆ ನಿಲ್ಲುವುದೇ ಶಿಕ್ಷೆ. ಕಾಳಿನ ಅಡುಗೆಗೆ ಮಾತ್ರ ಆಗ ಅನುಕೂಲ. ನೆನೆಸಿ ಬಸಿದ ಮಡಿಕೆ ಕಾಳನ್ನು ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಬೆಳಿಗ್ಗೆಗೆ ಮೊಳಕೆ ಬಂದಿರುತ್ತದೆ. ಆದರೆ ಅದನ್ನು ಆಗಲೇ ಫ್ರಿಜ್ಜಿಗೆ ಹಾಕದೆ ಕಚೇರಿಗೆ ಹೋದರೆ ಸಂಜೆಗೆ ಲೋಳೆ, ವಾಸನೆ. ಬೇಸಿಗೆಯಲ್ಲಿ ರೊಟ್ಟಿಯನ್ನು ಬೆಳಿಗ್ಗೆಯೇ ಬಡಿದುಬಿಡುತ್ತೇನೆ. ಗರಿಗರಿ ಒಣಗಿಸಿದ ಕಟಿ ರೊಟ್ಟಿ ಡಬ್ಬಿಯಲ್ಲಿ ಇದ್ದೇ ಇರುತ್ತದೆ, ಮೊಸರು, ಗುರೆಳ್ಳು ಪುಡಿ ಜೊತೆಗೆ ನಡೆಯುತ್ತದೆ. ಇಲ್ಲವಾದರೆ ನುಚ್ಚು. ಜೋಳದ ನುಚ್ಚನ್ನು ಬೆಳಿಗ್ಗೆಯೇ ಮೆತ್ತಗೆ ಬೇಯಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟರೆ, ಸಂಜೆ ಮಜ್ಜಿಗೆ, ಉಪ್ಪು, ಹಸಿ ಉಳ್ಳಾಗಡ್ಡಿ ಬೆರೆಸುವುದಷ್ಟೇ ಕೆಲಸ. ಗಂಗಾವತಿಯಿಂದ ನಮ್ಮ ಓಣಿಗೆ ಮದುವೆಯಾಗಿ ಬಂದ ಹುಡುಗಿ ಅದಕ್ಕೆ ಮಾವಿನಕಾಯಿ ತುರಿದು ಹಾಕುತ್ತಾಳೆ. ನಾನೂ ಹಾಗೇ ಶುರು ಮಾಡಿದ್ದೇನೆ.

ಬೇಸಿಗೆಯ ಪಾಳಿ ವಾರದಲ್ಲಿ ನಮ್ಮ ಮನೆಯವರಿಗೆ ಬುತ್ತಿ. ಅನ್ನವನ್ನು ಸ್ವಲ್ಪ ಜಾಸ್ತಿ ನೀರಿಟ್ಟು ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಹಿಚುಕಿ, ಕಾಸಿದ ಹಾಲು ಸುರಿಯಬೇಕು. ಬೆರಳು ತಡೆಯುವಷ್ಟು ಬೆಚ್ಚಗಾದ ಮೇಲೆ ಒಂದೇ ಒಂದು ಚಮಚ ಮೊಸರು. ಎಂಟಕ್ಕೆ ನೋಡಿದರೆ ಹಾಲನ್ನ, ಹನ್ನೊಂದಕ್ಕೆ ಮೊಸರನ್ನ. ಮೊದಲೇ ಮೊಸರು ಜಾಸ್ತಿ ಹಾಕಿದರೆ ಆ ಸೆಕೆಗೆ ಅವರು ಬರುವಷ್ಟರಲ್ಲಿ ಹುಳಿ ಬಂದಿರುತ್ತದೆ. ಇಂಗು, ಸಾಸಿವೆ, ಶುಂಠಿಯ ಒಗ್ಗರಣೆ ಕೊಟ್ಟು ಮುಚ್ಚಿ, ನೀರು ತುಂಬಿದ ಅಗಲ ಬೋಗುಣಿಯಲ್ಲಿ ಪಾತ್ರೆ ಇಡುತ್ತೇನೆ, ತಂಪಿರುತ್ತದೆ. ನಂಚಿಕೊಳ್ಳಲು ಕರಿದ ಬಾಳಕದ ಮೆಣಸಿನಕಾಯಿ ಎರಡಾದರೂ ಬೇಕು. ಅದನ್ನು ಸಂಜೆಯೇ ಕರಿದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಮೇಲಿನ ಹಲಗೆಯಲ್ಲಿಡುತ್ತೇನೆ. ಕೈಗೆ ಸಿಗುವಲ್ಲಿಟ್ಟರೆ ಎಂಟರ ಪಂಕ್ತಿಯವರೇ ಖಾಲಿ ಮಾಡುತ್ತಾರೆ.