ಹಿಲ್ ಸೈಫರ್ ಬಿಡಿಸುವಾಗ ಕೀ ತಪ್ಪು ಬರ್ತಿದ್ದರೆ

2×2 ಮ್ಯಾಟ್ರಿಕ್ಸ್ ಕೀ ಇರುವ ಹಿಲ್ ಸೈಫರ್, ಅಂದರೆ ಅಕ್ಷರಗಳನ್ನು ಎರಡೆರಡಾಗಿ ಸಂಖ್ಯೆಗಳಾಗಿ ಬರೆದು, ಕೀ ಮ್ಯಾಟ್ರಿಕ್ಸ್‌ನಿಂದ ಗುಣಿಸಿ ಗುಟ್ಟು ಅಕ್ಷರ ಮಾಡುವ ವಿಧಾನ. ಸಂದೇಶದ ಮೊದಲ ಪದ ಎ-ಟಿ-ಟಿ-ಎ-ಸಿ-ಕೆ ಅಂತ ಗೊತ್ತಿತ್ತು. ಆದರೂ ಲೆಕ್ಕ ಹಾಕಿ ಬಂದ ಕೀ ಹಾಕಿದರೆ ಬರೀ ಅರ್ಥವಿಲ್ಲದ ಅಕ್ಷರಗಳು.

ನಮ್‌ಪೈನ (ಪೈಥಾನ್‌ನ ಲೆಕ್ಕದ ಲೈಬ್ರರಿ) ಇನ್ವರ್ಸ್ ಬಳಸಿ ರೌಂಡ್ ಮಾಡಿದೆ, ಆಗಲಿಲ್ಲ. ಅದು ಕೊಡೋದು ದಶಮಾಂಶ, ನಮಗೆ ಬೇಕಾದ್ದು ಮಾಡ್ಯುಲೋ 26ರ ಇನ್ವರ್ಸ್, ಅಂದರೆ 26ರಿಂದ ಭಾಗಿಸಿದಾಗ ಉಳಿಯುವ ಶೇಷಗಳಲ್ಲೇ ಲೆಕ್ಕ ಹಾಕಿದ್ದು. ಎಲ್ಲಾ ಸಾಧ್ಯ 2×2 ಮ್ಯಾಟ್ರಿಕ್ಸ್‌ಗಳನ್ನೂ ಓಡಿಸಿದೆ, ನಾಲ್ಕೂವರೆ ಲಕ್ಷಕ್ಕೂ ಜಾಸ್ತಿ ಇವೆ, ಅಷ್ಟು ಫಲಿತಾಂಶ ಕೂತು ಓದೋರು ಯಾರು?

ತಪ್ಪಿದ್ದದ್ದು ಎಟಿ, ಟಿಎ, ಸಿಕೆ ಅನ್ನೋ ಮೂರು ಜೋಡಿಗಳಲ್ಲಿ ಎರಡನ್ನು ಆರಿಸಿಕೊಂಡಿದ್ದರಲ್ಲಿ. ಎ=0, ಬಿ=1 ಹೀಗೆ ಹಿಡಿದರೆ ಟಿಎ (19,0), ಸಿಕೆ (2,10). ಇವನ್ನು ಕಾಲಂಗಳಾಗಿ ಇಟ್ಟರೆ ಡಿಟರ್ಮಿನೆಂಟ್ (ಎರಡು ಕರ್ಣಗಳ ಗುಣಲಬ್ಧಗಳ ವ್ಯತ್ಯಾಸ) 190, ಅಂದರೆ ಮಾಡ್ಯುಲೋ 26ರಲ್ಲಿ 8. ಸಮಸಂಖ್ಯೆ ಬಂದರೆ ಇನ್ವರ್ಸೇ ಇಲ್ಲ, 13 ಬಂದರೂ ಅಷ್ಟೇ. ಎಟಿ-ಸಿಕೆ ಜೋಡಿಗೂ 14 ಬಂತು. ಎಟಿ (0,19), ಟಿಎ (19,0) ತಗೊಂಡಾಗ 3 ಬಂತು. 3×9=27, 26ರಿಂದ ಭಾಗಿಸಿದರೆ ಶೇಷ 1, ಹಾಗಾಗಿ 3ರ ಇನ್ವರ್ಸ್ 9. ಪೂರ್ತಿ ಲೆಕ್ಕ ಮಾಡಿದರೆ ಇನ್ವರ್ಸ್ ಮ್ಯಾಟ್ರಿಕ್ಸ್‌ನ ಸಾಲುಗಳು (0,11), (11,0).

ಈಗ ಎಟಿ, ಟಿಎ ಜಾಗದಲ್ಲಿ ಬಂದಿರುವ ಗುಟ್ಟು ಅಕ್ಷರಗಳ ಮ್ಯಾಟ್ರಿಕ್ಸ್ ಎಡಕ್ಕೆ, ಈ ಇನ್ವರ್ಸ್ ಬಲಕ್ಕೆ ಇಟ್ಟು ಗುಣಿಸಿ, 26ರಿಂದ ಭಾಗಿಸಿ ಶೇಷ ತಗೊಳ್ಳಿ. ಅದೇ ಕೀ. ಜೋಡಿಗಳನ್ನು ಸಾಲುಗಳಾಗಿ ಬರೆದು ಎನ್‌ಕ್ರಿಪ್ಟ್ ಮಾಡಿದ್ದರೆ ಕ್ರಮ ಉಲ್ಟಾ. ಸಂದೇಶ ಓದೋಕೆ ಕೀಯ ಇನ್ವರ್ಸ್ ಕೂಡ ಮಾಡ್ಯುಲೋ 26ರಲ್ಲೇ ತೆಗೀಬೇಕು.