‘ಮನೇಲೇ ಇದ್ದೆ’ ಅನ್ನಬೇಡಿ: ಕೊಡಗಿನಲ್ಲಿದ್ದುಕೊಂಡು ಕೆಲಸ ಹುಡುಕುವುದು ಹೇಗೆ?

ಕೊಡಗಿನಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರನ್ನು ‘ಅನುಭವ ಏನಿದೆ?’ ಅಂತ ಕೇಳಿ ನೋಡಿ. ‘ಏನೂ ಇಲ್ಲ, ಎರಡು ವರ್ಷ ಮನೇಲೇ ಇದ್ದೆ’ ಅನ್ನುತ್ತಾರೆ. ಮನೆಯಲ್ಲಿ ಏನು ಮಾಡುತ್ತಿದ್ದಿರಿ ಅಂತ ಬಿಡಿಸಿ ಕೇಳಿದರೆ ಕಥೆ ಬೇರೆಯೇ. ಕೊಯ್ಲಿನಲ್ಲಿ ಕಾರ್ಮಿಕರ ಹಾಜರಿ ಬರೆದಿದ್ದಾರೆ. ಕಾಫಿ ತೂಕ ಹಾಕಿಸಿ, ವ್ಯಾಪಾರಿ ಹತ್ತಿರ ರೇಟು ಮಾತಾಡಿದ್ದಾರೆ. ಹೋಂಸ್ಟೇಗೆ ಬಂದವರನ್ನು ನೋಡಿಕೊಂಡಿದ್ದಾರೆ, ಬುಕಿಂಗ್ ಎಡವಟ್ಟಾದಾಗ ಸಮಾಧಾನ ಹೇಳಿ ಕಳಿಸಿದ್ದಾರೆ. ಇದನ್ನೆಲ್ಲ ಕೆಲಸ ಅಂತ ಅವರು ಲೆಕ್ಕಕ್ಕೇ ಇಟ್ಟಿಲ್ಲ. ಸಂಬಳ ಬಂದಿಲ್ಲವಲ್ಲ, ಅದಕ್ಕೆ.

ಕೆಲಸ ಕೊಡುವವರ ಕಣ್ಣಿಗೆ ಇದು ಅನುಭವವೇ. ಆದರೆ ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕು, ಹೇಳಿದ್ದಕ್ಕೆ ಲೆಕ್ಕ ತೋರಿಸಬೇಕು. ಅದನ್ನು ಮಾಡುವುದು ಹೇಗೆ ಅಂತ ನೋಡೋಣ.

ಹಂತ 1: ಮಾಡಿದ್ದನ್ನೆಲ್ಲ ಬರೆದಿಡಿ

ನೇರವಾಗಿ ಬಯೋಡೇಟಾ ಟೈಪ್ ಮಾಡಲು ಕೂರಬೇಡಿ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಕಳೆದ ಎರಡು ಮೂರು ವರ್ಷಗಳಲ್ಲಿ ಮಾಡಿದ ಕೆಲಸವನ್ನೆಲ್ಲ ಬರೆಯಿರಿ. ದುಡ್ಡು ಬಂದದ್ದು, ಬಾರದ್ದು ಎರಡೂ. ಕೆಲಸ ಎಷ್ಟು ದೊಡ್ಡದಿತ್ತು, ಎಷ್ಟು ದಿನ ಮಾಡಿದಿರಿ, ಏನು ಬಳಸಿದಿರಿ, ನೀವು ಕೈಹಾಕಿದ ಮೇಲೆ ಏನು ಬದಲಾಯಿತು ಅಂತ ಪಕ್ಕದಲ್ಲೇ ಬರೆಯಿರಿ. ಕೊನೆಯ ಪ್ರಶ್ನೆಗೆ ಉತ್ತರ ಥಟ್ಟನೆ ಹೊಳೆಯುವುದಿಲ್ಲ. ಅಲ್ಲೇ ಸ್ವಲ್ಪ ಹೊತ್ತು ಕೂರಿ.

ಅಂಕಿ ನೆನಪಿಲ್ಲದಿದ್ದರೆ ಸುಮ್ನೆ ಅಂದಾಜಿನಲ್ಲಿ ಬರೆಯಬೇಡಿ, ಹುಡುಕಿ. ತೋಟದ ಚೆಕ್‌ರೋಲ್, ಅಂದರೆ ಕಾರ್ಮಿಕರ ಹಾಜರಿ ಪುಸ್ತಕ, ಎಲ್ಲೋ ಕಪಾಟಿನಲ್ಲಿರುತ್ತದೆ. ಕಾಫಿ, ಮೆಣಸು ಮಾರಿದ ಬಿಲ್ಲುಗಳಿರುತ್ತವೆ. ಬುಕಿಂಗ್ ಆ್ಯಪ್ ತೆರೆದರೆ ಹಳೆಯ ಲೆಕ್ಕ ಸಿಗುತ್ತದೆ. ಇಂಟರ್ವ್ಯೂನಲ್ಲಿ ‘ಈ ಅಂಕಿ ಎಲ್ಲಿಂದ ಬಂತು?’ ಅಂತ ಕೇಳಿದರೆ ತಡವರಿಸುವಂತಾಗಬಾರದು.

ಊರ ಕೆಲಸವನ್ನೂ ಬಿಡಬೇಡಿ. ಕೊಡವ ಕುಟುಂಬಗಳ ಹಾಕಿ ಹಬ್ಬವನ್ನೇ ತೆಗೆದುಕೊಳ್ಳಿ. 1997ರಲ್ಲಿ ಕರಡದಲ್ಲಿ ಶುರುವಾದದ್ದು, 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ತಂಡಗಳಾಗಿದ್ದವು. ಪ್ರತಿ ಸಲವೂ ಒಂದು ಕುಟುಂಬ ಮುಂದೆ ನಿಂತು ನಡೆಸುತ್ತದೆ. ಅಂಥ ಕಡೆ ಪಂದ್ಯಗಳ ಪಟ್ಟಿ, ಊಟ, ಪಾರ್ಕಿಂಗ್ ಯಾವುದರಲ್ಲಾದರೂ ಓಡಾಡಿದ ಹುಡುಗನಿಗೆ ಬೆಂಗಳೂರಿನ ಇವೆಂಟ್ ಕಂಪನಿಯ ಕೆಲಸ ಹೊಸದೇನಲ್ಲ. ಆದರೂ ಬಯೋಡೇಟಾದಲ್ಲಿ ಅವನು ‘ಹವ್ಯಾಸ: ಹಾಕಿ’ ಅಂತಷ್ಟೇ ಬರೆದಿರುತ್ತಾನೆ!

ಹಂತ 2: ಕೆಲಸ ಎಲ್ಲೆಲ್ಲಿದೆ ಅಂತ ನೋಡಿ

‘ಕೊಡಗಿನಲ್ಲಿ ಕೆಲಸವೇ ಇಲ್ಲ’ ಅನ್ನುವ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಸಾಫ್ಟ್‌ವೇರ್ ಕಂಪನಿಗಳ ಸಾಲು ಇಲ್ಲಿಲ್ಲ, ನಿಜ. ಆದರೆ ಕುಶಾಲನಗರದ ಕೂಡ್ಲೂರಿನ ಕೈಗಾರಿಕಾ ಪ್ರದೇಶದಲ್ಲಿ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳಿವೆ. ಅಲ್ಲಿ ಸ್ಟಾಕ್, ಗ್ರೇಡಿಂಗ್, ಅಕೌಂಟ್ಸ್ ನೋಡಿಕೊಳ್ಳುವವರು ಬೇಕು. ಮಡಿಕೇರಿ, ಸಿದ್ದಾಪುರದ ಕಡೆ ದೊಡ್ಡ ರೆಸಾರ್ಟ್‌ಗಳಿವೆ. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಇವೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರ, ತೋಟಗಾರಿಕೆಯ ಪ್ರಯೋಗ ಕೇಂದ್ರ ಎರಡೂ ಇವೆ.

ಕಾಫಿಯಲ್ಲೇ ಮುಂದುವರಿಯುವ ಆಸೆ ಇದ್ದರೆ, ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಸ್ನಾತಕೋತ್ತರ ಡಿಪ್ಲೊಮಾದ ಬಗ್ಗೆ ವಿಚಾರಿಸಿ. ಕಪ್ ಟೇಸ್ಟಿಂಗ್, ಅಂದರೆ ರುಚಿ ನೋಡಿ ಕಾಫಿಯ ಗುಣಮಟ್ಟ ಹೇಳುವುದನ್ನು, ಕಲಿತವರನ್ನು ರಫ್ತು ಕಂಪನಿಗಳು, ಕಾಫಿ ಬೀಜ ಹುರಿಯುವ ರೋಸ್ಟರಿಗಳು ಹುಡುಕಿಕೊಂಡು ಬರುತ್ತವೆ. ಬೆಳೆಯುವ ಮನೆಯಲ್ಲೇ ಹುಟ್ಟಿದವರಿಗೆ ಕೊಯ್ಲು, ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್, ಒಣಗಿಸುವ ಹದ ಮೊದಲೇ ಗೊತ್ತಿರುತ್ತದೆ. ಪಟ್ಟಣದಿಂದ ಬಂದವರು ಅದನ್ನು ಪುಸ್ತಕದಿಂದ ಕಲಿಯಬೇಕು.

ಕೇಳುವ ಸಮಯವೂ ಮುಖ್ಯ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೋಟದ ಮ್ಯಾನೇಜರ್‌ಗೆ ಕೊಯ್ಲಿನ ತಲೆನೋವೇ ಸಾಕಾಗಿರುತ್ತದೆ. ಆಗ ನಿಮ್ಮ ಮಾತು ಅವರ ಕಿವಿಗೆ ಬೀಳುವುದಿಲ್ಲ. ರೆಸಾರ್ಟ್‌ಗಳಿಗಾದರೆ ದಸರಾ ರಜೆ ಶುರುವಾಗುವ ಮೊದಲೇ ಅರ್ಜಿ ಹಾಕಿ.

ಹಂತ 3: ಬಯೋಡೇಟಾ ಒಂದೇ ಪುಟ

ಅಪ್ಪನ ಹೆಸರು, ಜಾತಿ, ಎತ್ತರ, ಹುಟ್ಟಿದ ನಕ್ಷತ್ರ ಇವೆಲ್ಲ ಮದುವೆ ಬ್ರೋಕರ್‌ಗೆ ಕೊಡುವ ಕಾಗದದಲ್ಲಿರಲಿ. ಕೆಲಸದ ಬಯೋಡೇಟಾಗೆ ಬೇಡ. ಹೊಸಬರಿಗೆ ಒಂದು ಪುಟ ಸಾಕು. ಮೇಲೆ ಹೆಸರು, ಊರು, ಫೋನ್, ಇಮೇಲ್. ಅದರ ಕೆಳಗೆ ನೀವು ಯಾವ ಕೆಲಸಕ್ಕೆ ಹೊಂದುತ್ತೀರಿ ಅಂತ ಎರಡು ಸಾಲು. ಆಮೇಲೆ ಅನುಭವ, ನಂತರ ಓದು.

ಅನುಭವ ಬರೆಯುವಾಗಲೇ ಹೆಚ್ಚಿನವರು ಸೋಲುವುದು. ಉದಾಹರಣೆಗೆ, ಸೋಮವಾರಪೇಟೆ ಕಡೆಯ ಒಬ್ಬ ಬಿ.ಕಾಂ. ಹುಡುಗ ಅಂದುಕೊಳ್ಳಿ. ಅವನು ಹೀಗೆ ಬರೆದಿರುತ್ತಾನೆ: ‘ತಂದೆಗೆ ತೋಟದ ಕೆಲಸದಲ್ಲಿ ಸಹಾಯ ಮಾಡಿದ್ದೇನೆ.’ ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದನ್ನೇ ಹೀಗೆ ಬರೆಯಬಹುದು:

‘25 ಎಕರೆ ಕಾಫಿ ತೋಟದಲ್ಲಿ ಎರಡು ಕೊಯ್ಲು ಹಂಗಾಮು ಲೆಕ್ಕ ನೋಡಿಕೊಂಡೆ. ದಿನಕ್ಕೆ ಸುಮಾರು 20 ಕಾರ್ಮಿಕರ ಹಾಜರಿ, ಕೊಯ್ದ ಹಣ್ಣಿನ ತೂಕ, ವಾರದ ಬಟವಾಡೆ ನನ್ನ ಜವಾಬ್ದಾರಿ. ಪುಸ್ತಕದಲ್ಲಿದ್ದ ಲೆಕ್ಕವನ್ನು ಎಕ್ಸೆಲ್‌ಗೆ ತಂದೆ. ಬಟವಾಡೆ ದಿನ ತೂಕದ ತಕರಾರು ಕಡಿಮೆಯಾಯಿತು.’

ಇದನ್ನು ಓದಿದ ಅಕೌಂಟ್ಸ್ ಮ್ಯಾನೇಜರ್ ‘ಪರವಾಗಿಲ್ವೇ, ಕರೆದು ಮಾತಾಡಿಸೋಣ’ ಅಂದುಕೊಳ್ಳುತ್ತಾರೆ. ಒಂದು ಸುಳ್ಳೂ ಇಲ್ಲ. ಮಾಡಿದ್ದನ್ನೇ ಬಿಡಿಸಿ ಹೇಳಿದ್ದು ಅಷ್ಟೆ. ಹೋಂಸ್ಟೇ ನೋಡಿಕೊಂಡವರೂ ಹೀಗೇ ಬರೆಯಿರಿ. ಎಷ್ಟು ರೂಮು, ಯಾವ ಆ್ಯಪ್, ರಿವ್ಯೂಗಳಿಗೆ ಉತ್ತರ ಬರೆಯುತ್ತಿದ್ದವರು ಯಾರು, ಜಿಎಸ್‌ಟಿ ಬಿಲ್ ಮಾಡುತ್ತಿದ್ದವರು ಯಾರು.

ನಮ್ಮವರು ಮರೆಯುವ ಇನ್ನೊಂದು ಆಸ್ತಿ ಭಾಷೆ. ಇಲ್ಲಿ ಕನ್ನಡ, ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಹಿಂದಿ, ಇಂಗ್ಲಿಷ್ ಇವುಗಳಲ್ಲಿ ನಾಲ್ಕೈದನ್ನು ಸಲೀಸಾಗಿ ಮಾತಾಡುವವರು ಮನೆಗೊಬ್ಬರಾದರೂ ಸಿಗುತ್ತಾರೆ. ಆಸ್ಪತ್ರೆಯ ರಿಸೆಪ್ಷನ್, ಹೋಟೆಲ್ ಫ್ರಂಟ್ ಆಫೀಸ್, ಬ್ಯಾಂಕಿನ ಕೌಂಟರ್, ಕಸ್ಟಮರ್ ಕೇರ್ ಎಲ್ಲ ಕಡೆ ಇದಕ್ಕೆ ಬೆಲೆ ಇದೆ. ಆದರೆ ಮಾತಾಡಲು ಬರುವುದನ್ನು, ಓದಿ ಬರೆಯಲು ಬರುವುದನ್ನು ಬೇರೆ ಬೇರೆಯಾಗಿ ಹೇಳಿ. ಮಲಯಾಳ ಮಾತಾಡಲು ಬಂದರೂ ಓದಲು ಬಾರದವರೇ ಜಾಸ್ತಿ, ಅಲ್ವಾ?

ಹಂತ 4: ಹೆಸರು ಸರಿಮಾಡಿಸಿ

ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಕೊಡಗಿನವರನ್ನು ಬಹಳ ಕಾಡುತ್ತದೆ. ಅಂಕಪಟ್ಟಿಯಲ್ಲಿ ಮನೆತನದ ಹೆಸರು ಇನಿಷಿಯಲ್ ಆಗಿ ಮುಂದೆ ಇರುತ್ತದೆ. ಆಧಾರ್‌ನಲ್ಲಿ ಅದೇ ಪೂರ್ತಿಯಾಗಿ ಇರುತ್ತದೆ. ಪ್ಯಾನ್‌ನಲ್ಲಿ ಅಪ್ಪನ ಹೆಸರು ಕೊನೆಗೆ ಸೇರಿಕೊಂಡಿರುತ್ತದೆ. ಕೆಲಸಕ್ಕೆ ಸೇರುವಾಗ ದಾಖಲೆ ಪರಿಶೀಲನೆ, ಪಿಎಫ್ ಖಾತೆ, ಬ್ಯಾಂಕ್ ಖಾತೆ ಎಲ್ಲಕ್ಕೂ ಹೆಸರು ಹೊಂದಬೇಕು. ಆಫರ್ ಬಂದ ಮೇಲೆ ಆಧಾರ್ ಕೇಂದ್ರದ ಮುಂದೆ ಸಾಲು ನಿಲ್ಲುವುದಕ್ಕಿಂತ ಈಗಲೇ ತಿದ್ದಿಸಿಕೊಳ್ಳಿ. ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆಯೇ ಅಂತಲೂ ನೋಡಿಕೊಳ್ಳಿ.

ಹಂತ 5: ಪರಿಚಯದವರನ್ನು ಕೇಳಿ, ಆದರೆ ಕೆಲಸ ಕೇಳಬೇಡಿ

ಕೊಡಗಿನಲ್ಲಿ ಹೊಸಬರನ್ನು ಕಂಡರೆ ಮೊದಲ ಪ್ರಶ್ನೆ ‘ಯಾವ ಮನೆ?’ ಎರಡು ನಿಮಿಷದಲ್ಲಿ ಒಂದು ನಂಟು ಸಿಕ್ಕೇ ಸಿಗುತ್ತದೆ. ಕೆಲಸ ಹುಡುಕುವಾಗ ಇದು ದೊಡ್ಡ ಅನುಕೂಲ. ಅದನ್ನು ಹಾಳುಮಾಡಿಕೊಳ್ಳುವುದು ‘ಅಂಕಲ್, ಎಲ್ಲಾದ್ರೂ ಒಂದು ಕೆಲ್ಸ ಕೊಡಿಸಿ’ ಅನ್ನುವ ಮಾತಿನಿಂದ. ಅವರು ‘ನೋಡೋಣ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಯಾವ ಕೆಲಸ, ನಿಮಗೇನು ಬರುತ್ತದೆ ಅಂತ ಗೊತ್ತಿಲ್ಲದೆ ಅವರಾದರೂ ಯಾರ ಹತ್ತಿರ ಏನು ಹೇಳಬೇಕು?

ಬದಲಿಗೆ ಮಾಹಿತಿ ಕೇಳಿ. ಕಾಲೇಜಿನ ಸೀನಿಯರ್‌ಗಳು, ಸಂಬಂಧಿಕರು, ಪಕ್ಕದ ಊರಿನವರು ಯಾರಾದರೂ ನಿಮಗೆ ಬೇಕಾದ ಕಡೆ ಇದ್ದರೆ ಹೀಗೊಂದು ವಾಟ್ಸ್‌ಆ್ಯಪ್ ಕಳಿಸಿ:

‘ನಮಸ್ಕಾರ ಅಕ್ಕಾ. ನಾನು ಸುಂಟಿಕೊಪ್ಪದವಳು, ನಿಮ್ಮ ತಮ್ಮನ ಕ್ಲಾಸ್‌ಮೇಟ್. ಬಿ.ಕಾಂ. ಮುಗಿಸಿದ್ದೇನೆ. ಎರಡು ವರ್ಷ ನಮ್ಮ ಹೋಂಸ್ಟೇ ಬುಕಿಂಗ್, ಬಿಲ್ಲಿಂಗ್ ನಾನೇ ನೋಡುತ್ತಿದ್ದೆ. ನಿಮ್ಮ ಹೋಟೆಲ್‌ನಲ್ಲಿ ಫ್ರಂಟ್ ಆಫೀಸ್‌ಗೆ ಹೊಸಬರನ್ನು ತೆಗೆದುಕೊಳ್ಳುವಾಗ ಏನು ನೋಡುತ್ತಾರೆ ಅಂತ ಕೇಳಬೇಕಿತ್ತು. ಭಾನುವಾರ ಸಂಜೆ ಹತ್ತು ನಿಮಿಷ ಫೋನ್ ಮಾಡಬಹುದಾ?’

ಇದಕ್ಕೆ ಉತ್ತರ ಬರುವ ಸಾಧ್ಯತೆ ಜಾಸ್ತಿ. ಫೋನ್‌ನಲ್ಲಿ ಮಾತಾಡಿದ ಮೇಲೆ ಬಯೋಡೇಟಾ ಕಳಿಸಲೇ ಅಂತ ಕೇಳಬಹುದು. ಆಗ ಅವರು ನಿಮ್ಮನ್ನು ಎಚ್‌ಆರ್‌ಗೆ ಪರಿಚಯಿಸಲು ಎರಡು ಮಾತಾದರೂ ಸಿಕ್ಕಿರುತ್ತವೆ. ಕೆಲಸ ಸಿಕ್ಕರೂ ಸಿಗದಿದ್ದರೂ ಏನಾಯಿತು ಅಂತ ಅವರಿಗೆ ತಿಳಿಸಿ. ಇದನ್ನು ಮಾಡುವವರು ಬಹಳ ಕಡಿಮೆ.

ಆನ್‌ಲೈನ್‌ನಲ್ಲಿ ಲಿಂಕ್ಡ್‌ಇನ್, ನೌಕ್ರಿ ಜೊತೆಗೆ ಕೇಂದ್ರ ಸರ್ಕಾರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್ ಇದೆ. 2015ರಲ್ಲಿ ಶುರುವಾದದ್ದು, ನೋಂದಣಿಗೆ ದುಡ್ಡಿಲ್ಲ. ‘ಕೆಲಸ ಪಕ್ಕಾ, ಮೊದಲು ಡೆಪಾಸಿಟ್ ಕಟ್ಟಿ’ ಅನ್ನುವ ಕರೆ ಬಂದರೆ ಫೋನ್ ಇಡಿ. ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಂತ 6: ಇಂಟರ್ವ್ಯೂ

ಆನ್‌ಲೈನ್ ಇಂಟರ್ವ್ಯೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದರೆ ಮಳೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮರ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿನಲ್ಲೇ ಟವರ್ ಕೂಡ ಹೋಗುತ್ತದೆ. ಹಿಂದಿನ ದಿನವೇ ಮಡಿಕೇರಿ, ಗೋಣಿಕೊಪ್ಪ ಅಥವಾ ಕುಶಾಲನಗರದಲ್ಲಿ ಇನ್ವರ್ಟರ್ ಇರುವ ನೆಂಟರ ಮನೆ ಸೇರಿಕೊಳ್ಳಿ. ಎಚ್‌ಆರ್‌ಗೆ ಮೊದಲೇ ಒಂದು ಸಾಲು ಬರೆಯಿರಿ: ‘ನಮ್ಮಲ್ಲಿ ಮಳೆ ಜೋರಾಗಿದೆ, ವಿಡಿಯೊ ಕಡಿದುಹೋದರೆ ಈ ನಂಬರಿಗೆ ಕರೆ ಮಾಡಬಹುದು.’ ಮುಂದಾಲೋಚನೆ ಇದೆ ಅಂತ ಅವರಿಗೂ ಗೊತ್ತಾಗುತ್ತದೆ.

ಮುಖಾಮುಖಿ ಇಂಟರ್ವ್ಯೂ ಆದರೆ ನಮ್ಮ ಜಿಲ್ಲೆಗೆ ರೈಲಿಲ್ಲ ಅನ್ನುವುದು ನೆನಪಿರಲಿ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 250 ಕಿ.ಮೀ. ಬೆಳಗಿನ ಬಸ್ಸು ಹಿಡಿದು 10 ಗಂಟೆಗೆ ಮುಟ್ಟುತ್ತೇನೆ ಅನ್ನುವ ಧೈರ್ಯ ಬೇಡ. ಹಿಂದಿನ ದಿನವೇ ಹೊರಡಿ.

ಕೊಡಗಿನವರಿಗೆ ತಪ್ಪದೇ ಬರುವ ಪ್ರಶ್ನೆ ಇದು: ‘ನಿಮ್ಮದೇ ತೋಟ ಇದೆಯಲ್ಲ, ಕೆಲಸ ಯಾಕೆ?’ ಕೊಯ್ಲು ಬಂದಾಗ ಬಿಟ್ಟುಹೋಗುತ್ತೀರಿ ಅನ್ನುವ ಭಯ ಅವರಿಗೆ. ಇದನ್ನು ಕೇಳಿ ಸಿಟ್ಟು ಮಾಡಿಕೊಳ್ಳಬೇಡಿ. ತೋಟ ಯಾರು ನೋಡಿಕೊಳ್ಳುತ್ತಾರೆ ಅಂತ ನೇರವಾಗಿ ಹೇಳಿ. ‘ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಎರಡು ದಿನ ರಜೆ ಬೇಕಾಗುತ್ತದೆ, ಅದನ್ನು ತಿಂಗಳ ಮೊದಲೇ ಕೇಳುತ್ತೇನೆ’ ಅಂದರೂ ತಪ್ಪಿಲ್ಲ. ಏನೂ ಬೇಡ ಅಂತ ಹೇಳಿ ಆಮೇಲೆ ಸುಳ್ಳು ಜ್ವರ ಹೇಳುವುದಕ್ಕಿಂತ ಇದು ಎಷ್ಟೋ ವಾಸಿ.

ಹಂತ 7: ಸಂಬಳದ ಲೆಕ್ಕ

ಸಿಟಿಸಿ ಅಂದರೆ ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು, ಕೈಗೆ ಬರುವ ದುಡ್ಡಲ್ಲ. ವರ್ಷಕ್ಕೆ 3.6 ಲಕ್ಷ ಅಂದರು ಅಂತಿಟ್ಟುಕೊಳ್ಳಿ. ತಿಂಗಳಿಗೆ 30,000. ಬೇಸಿಕ್, ಅಂದರೆ ಮೂಲ ವೇತನ, 15,000 ಇದ್ದರೆ ಕಂಪನಿಯ ಪಾಲಿನ ಪಿಎಫ್ 12%, ಅಂದರೆ 1,800, ಸಾಮಾನ್ಯವಾಗಿ ಅದರೊಳಗೇ ಸೇರಿರುತ್ತದೆ. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ ಸುಮಾರು 720 ಸೇರಿಸಿರುತ್ತಾರೆ. ನಿಮ್ಮ ಪಾಲಿನ ಪಿಎಫ್ ಮತ್ತೆ 1,800. ವೃತ್ತಿ ತೆರಿಗೆ 200. ಇಷ್ಟೆಲ್ಲ ಹೋಗಿ ಕೈಗೆ 25,500ರ ಆಸುಪಾಸು. ಬೆಂಗಳೂರಿನ ಪಿಜಿ ಬಾಡಿಗೆ, ಊಟ, ಊರಿಗೆ ಬಂದುಹೋಗುವ ಬಸ್ ಚಾರ್ಜು ಕಳೆದು ನೋಡಿ. ಊಟ, ವಸತಿ ಕೊಡುವ ಇಲ್ಲಿನ ರೆಸಾರ್ಟ್ 18,000 ಕೊಟ್ಟರೂ ಕೆಲವೊಮ್ಮೆ ಉಳಿಯುವುದು ಅದೇ. ಆದರೆ ಮೂರು ವರ್ಷದ ನಂತರ ಎಲ್ಲಿ ಬೆಳೆಯಬಹುದು ಅಂತಲೂ ಯೋಚಿಸಿ. ಈ ವಿಷಯದಲ್ಲಿ ನನ್ನ ಓಟು ಕಲಿಯಲು ಜಾಸ್ತಿ ಸಿಗುವ ಕಡೆಗೆ.

ಹಂತ 8: ಸೇರಿದ ಮೇಲೆ

ನೋಟ್‌ಬುಕ್ ಮುಚ್ಚಿಡಬೇಡಿ. ತಿಂಗಳಿಗೊಮ್ಮೆ ಮಾಡಿದ ಕೆಲಸ, ಬಂದ ಹೊಗಳಿಕೆ, ಕಲಿತ ಸಾಫ್ಟ್‌ವೇರ್ ಬರೆಯುತ್ತಾ ಹೋಗಿ. ಸಂಬಳ ಹೆಚ್ಚಿಸಿ ಅಂತ ಕೇಳುವಾಗ ಇದೇ ಕೈಯಲ್ಲಿರಬೇಕು.

ಬಿಡುವಾಗಲೂ ಕ್ರಮ ಇದೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿ. ರೆಸಾರ್ಟ್ ಕೆಲಸವನ್ನು ಡಿಸೆಂಬರ್ ಕೊನೆಯ ವಾರ ಬಿಟ್ಟುಬಂದರೆ ಆ ಸುದ್ದಿ ಮಡಿಕೇರಿಯಿಂದ ವಿರಾಜಪೇಟೆಗೆ ನಿಮಗಿಂತ ಮೊದಲೇ ಮುಟ್ಟುತ್ತದೆ. ರಿಲೀವಿಂಗ್ ಲೆಟರ್, ಅನುಭವ ಪತ್ರ, ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಇಸಿದುಕೊಂಡೇ ಬನ್ನಿ. ಹೊಸ ಕಂಪನಿಗೆ ಹಳೆಯ ಯುಎಎನ್, ಅಂದರೆ ನಿಮ್ಮ ಪಿಎಫ್‌ನ ಕಾಯಂ ನಂಬರನ್ನೇ ಕೊಡಿ. ಕೆಲಸ ಬಿಟ್ಟ ತಾರೀಖನ್ನು ಹಳೆಯ ಕಂಪನಿ ಪಿಎಫ್ ಪೋರ್ಟಲ್‌ನಲ್ಲಿ ಹಾಕಿದೆಯೇ ಅಂತ ಒಂದೆರಡು ತಿಂಗಳಲ್ಲಿ ನೋಡಿ. ಹಾಕಿಲ್ಲದಿದ್ದರೆ ಪಿಎಫ್ ವರ್ಗಾವಣೆ ಅಲ್ಲೇ ನಿಲ್ಲುತ್ತದೆ, ಇಮೇಲ್ ಬರೆದು ಕೇಳಿ ಹಾಕಿಸಿಕೊಳ್ಳಿ.